ಬೋಲ್ಟ್ ಮೇಲೇ ಇದೆ, ಕಲ್ಲು ಮಾತ್ರ ಕೆಳಗೆ ಬಿದ್ದಿದೆ: ಎಲ್ಲಿ ತಪ್ಪಿದೆವು?

#1 ಎರಡನೇ_ಪಾಳಿ

ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಲೋಹದ ಗಣಿಯೊಂದರಲ್ಲಿ ಬೋಲ್ಟ್ ಹಾಕುವ, ಅಂದರೆ ಬಂಡೆಗೆ ತೂತು ಕೊರೆದು ಒಳಗೆ ಉಕ್ಕಿನ ಸರಳು ಕೂರಿಸುವ ತಂಡದ ಜೊತೆ ಇದ್ದೇನೆ. ನೆಲದಿಂದ ಸುಮಾರು 600 ಮೀಟರ್ ಆಳ. ಸುರಂಗ 5 ಮೀಟರ್ ಅಗಲ, 5 ಮೀಟರ್ ಎತ್ತರ. ಬಂಡೆ ಗಟ್ಟಿಯೇ, ಆದರೆ ಪುಸ್ತಕದ ಹಾಳೆಗಳ ಹಾಗೆ ಪದರ ಪದರ. ಪದರಗಳು ಹೆಚ್ಚು ಕಡಿಮೆ ಮಟ್ಟಸವಾಗಿ ಮಲಗಿವೆ. ಒಂದೊಂದೂ ಒಂದು ಗೇಣು ದಪ್ಪ ಇರಬಹುದು.

ಮೇಲೆ 2.4 ಮೀಟರ್ ಉದ್ದದ, 22 ಮಿಲಿಮೀಟರ್ ದಪ್ಪದ ಏಣುಗಳಿರುವ ಸರಳುಗಳನ್ನು ಹಾಕಿದ್ದೇವೆ. ಅಂಟಿಗೆ ರೆಸಿನ್ ಕ್ಯಾಪ್ಸೂಲ್, ಅಂದರೆ ತೂತಿನೊಳಗೆ ಹರಿದು ಗಟ್ಟಿಯಾಗುವ ಅಂಟಿನ ಚೀಲ. ಬೋಲ್ಟ್‌ನಿಂದ ಬೋಲ್ಟ್‌ಗೆ 1.2 ಮೀಟರ್. ಆ ಭಾಗದಲ್ಲಿ ಜಾಲರಿ ಇರಲಿಲ್ಲ.

ಹಾಕಿ ಮೂರು ವಾರ ಆಗಿರಲಿಲ್ಲ. ಎರಡು ಪಾಳಿಗಳ ನಡುವೆ ಯಾರೂ ಇಲ್ಲದ ಹೊತ್ತಿನಲ್ಲಿ ಮಾಡಿನಿಂದ ಒಂದು ಚಪ್ಪಡಿ ಕಳಚಿ ಬಿತ್ತು. ಸುಮಾರು 3 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ, ಅರ್ಧ ಮೀಟರ್ ದಪ್ಪ. ಲೆಕ್ಕ ಹಾಕಿದರೆ 10 ಟನ್ ಹತ್ತಿರ. ಯಾರಿಗೂ ಏನೂ ಆಗಲಿಲ್ಲ. ನಾಲ್ಕು ಗಂಟೆ ಮೊದಲು ಅದೇ ಜಾಗದಲ್ಲಿ ನಾವು ಮೂವರು ನಿಂತಿದ್ದೆವು. ಆಮೇಲೆ ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನ್ನ ತಲೆ ತಿನ್ನುತ್ತಿರುವುದು ಇದು. ಐದು ಬೋಲ್ಟ್‌ಗಳು ಇನ್ನೂ ಮೇಲೇ ಇವೆ. ಅರ್ಧ ಮೀಟರ್ ಬರಿ ಸರಳು ಹೊರಗೆ ಚಾಚಿಕೊಂಡಿದೆ, ಕಲ್ಲನ್ನು ಒತ್ತಿ ಹಿಡಿಯಬೇಕಾದ ಪ್ಲೇಟ್ ಅದರ ತುದಿಯಲ್ಲೇ ಇದೆ. ಒಂದೂ ಮುರಿದಿಲ್ಲ, ಒಂದೂ ಕಿತ್ತು ಬಂದಿಲ್ಲ. ಟಾರ್ಚ್ ಹಾಕಿ ದೂರದಿಂದ ನೋಡಿದೆ. ಸರಳಿನ ಮೈ ಮೇಲೆ ರೆಸಿನ್ ಒಂದು ಚೂರೂ ಇಲ್ಲ, ಪೆಟ್ಟಿಗೆಯಿಂದ ಈಗ ತಾನೇ ತೆಗೆದ ಹಾಗಿದೆ. ಇದೇ ಭಾಗದಲ್ಲಿ ಮೂರು ಬೋಲ್ಟ್‌ಗಳನ್ನು 12 ಟನ್‌ವರೆಗೆ ಎಳೆದು ನೋಡಿದ್ದೆವು. ಮೂರೂ ಪಾಸ್.

ಈಗ ಮೇಲಿನವರು 3 ಮೀಟರ್ ಬೋಲ್ಟ್ ಹಾಕೋಣ ಎನ್ನುತ್ತಿದ್ದಾರೆ. ನನಗೆ ಯಾಕೋ ಉದ್ದದಲ್ಲಿ ತಪ್ಪಿದೆ ಅನಿಸುತ್ತಿಲ್ಲ. ನೀವೇನು ಹೇಳುತ್ತೀರಿ?

#2 ಹಾರೆ_ಹಿಡಿದವ

ಯಾರಿಗೂ ಏನೂ ಆಗಲಿಲ್ಲವಲ್ಲ, ಅದು ದೊಡ್ಡದು. ಮೊದಲು ಆ ಜಾಗಕ್ಕೆ ಅಡ್ಡ ಕಟ್ಟಿ. ನೇತಾಡುತ್ತಿರುವ ಬೋಲ್ಟ್ ನೋಡಲು ಅಂತ ಒಬ್ಬರೂ ಕೆಳಗೆ ಹೋಗಬಾರದು. ಬಿದ್ದ ಗುಂಡಿಯ ಅಂಚುಗಳು ಬಿದ್ದ ಚಪ್ಪಡಿಗಿಂತ ಅಪಾಯ. ಆಸರೆ ತಪ್ಪಿದ ಕಲ್ಲು ಅಲ್ಲಿ ಇನ್ನೂ ಕೂತಿರುತ್ತದೆ.

ಅಕ್ಕಪಕ್ಕದ ಮಾಡನ್ನು ಉದ್ದ ಹಾರೆಯಿಂದ ತಟ್ಟಿ ನೋಡಿದ್ರಾ? ಭದ್ರವಾಗಿರುವ ಮಾಡಿನ ಕೆಳಗೆ ನಿಂತು, ಹೊರಗಿನಿಂದ ಒಳಗೆ ಹೋಗುತ್ತಾ ತಟ್ಟಬೇಕು. ಗಟ್ಟಿ ಬಂಡೆ ಠಣ್ ಅನ್ನುತ್ತದೆ, ಹಾರೆ ಕೈಯಲ್ಲೇ ಪುಟಿಯುತ್ತದೆ. ಪದರ ಬಿಟ್ಟ ಕಲ್ಲು ಡಬ್ ಅನ್ನುತ್ತದೆ, ಹಲಸಿನ ಹಣ್ಣು ತಟ್ಟಿದ ಹಾಗೆ, ಕೈಗೆ ಪುಟಿತ ಬರುವುದಿಲ್ಲ. ನಾನು ಕಿವಿಗಿಂತ ಕೈಯನ್ನೇ ಜಾಸ್ತಿ ನಂಬುತ್ತೇನೆ. ಸುತ್ತ ಯಂತ್ರದ ಸದ್ದಿದ್ದರೂ ಕೈಗೆ ಗೊತ್ತಾಗುತ್ತದೆ.

ಒಂದು ಪ್ರಶ್ನೆ. ತೂತು ಎಷ್ಟು ಮಿಲಿಮೀಟರ್ ಕೊರೆದಿದ್ದೀರಿ? ಬೋಲ್ಟ್ ಉದ್ದ ಬರೆದಿದ್ದೀರಿ, ದಪ್ಪ ಬರೆದಿದ್ದೀರಿ, ದೂರ ಬರೆದಿದ್ದೀರಿ. ತೂತಿನ ಅಳತೆ ಬರೆದಿಲ್ಲ.

#3 ಪದರಗಲ್ಲು

ಬಂಡೆಯ ಕಡೆಯಿಂದ ನಾನು ಹೇಳುತ್ತೇನೆ. ಮಟ್ಟಸವಾದ ಪದರ, ಚಪ್ಪಟೆ ಮಾಡು. ಇದು ಕಷ್ಟದ ಜೋಡಿ. 600 ಮೀಟರ್ ಆಳದಲ್ಲಿ ಮೇಲಿನ ಬಂಡೆಯ ಭಾರದ ಒತ್ತಡವೇ ಸುಮಾರು 16 ಮೆಗಾಪಾಸ್ಕಲ್ ಆಗುತ್ತದೆ. ಮೀಟರ್‌ಗೆ 0.027 ಅಂತ ಲೆಕ್ಕ. ಆದರೆ ಬಂಡೆಯೊಳಗೆ ಒತ್ತಡ ಮೇಲಿನಿಂದ ಮಾತ್ರ ಬರುವುದಿಲ್ಲ, ಅಡ್ಡಡ್ಡಲೂ ಇರುತ್ತದೆ. ಎಷ್ಟೋ ಕಡೆ ಆ ಅಡ್ಡ ಒತ್ತಡ ಮೇಲಿನ ಒತ್ತಡಕ್ಕಿಂತ ಜಾಸ್ತಿ.

ಹಾಳೆಗಳ ಒಂದು ಕಂತೆಯನ್ನು ಎರಡೂ ತುದಿ ಹಿಡಿದು ಒಳಗೆ ಒತ್ತಿ ನೋಡಿ. ಹಾಳೆಗಳು ಒಂದರಿಂದ ಒಂದು ಬಿಟ್ಟುಕೊಂಡು ಬಾಗುತ್ತವೆ. ನಿಮ್ಮ ಮಾಡಿನಲ್ಲಿ ಆಗಿರುವುದು ಹೆಚ್ಚು ಕಡಿಮೆ ಅದೇ. ಕೆಳಗಿನ ಎರಡು ಮೂರು ಪದರ ಮೇಲಿನದರಿಂದ ಬಿಟ್ಟುಕೊಂಡಿವೆ, ಬಾಗಿವೆ, ನಡುವೆ ಎಲ್ಲೋ ಬಿರಿದಿವೆ, ಬಿದ್ದಿವೆ.

ಬಿದ್ದ ಚಪ್ಪಡಿಯ ಅಂಚು ಹೇಗಿದೆ? ಹಳೆಯ ಬಿರುಕಿನ ಮೇಲೆ ಬಣ್ಣ ಇರುತ್ತದೆ, ತುಕ್ಕಿನ ಕಲೆಯೋ ಜೇಡಿಯ ತೆಳು ಪೊರೆಯೋ. ಹೊಸದಾಗಿ ಒಡೆದದ್ದಾದರೆ ಹಸಿ ಕಲ್ಲಿನ ಬಣ್ಣ, ಮೊನಚು ಅಂಚು. ಎರಡೂ ಕಡೆ ಹಳೆ ಬಿರುಕು ಇದ್ದರೆ ಅದು ಮೊದಲೇ ಬಿಡಿಯಾಗಿದ್ದ ಕಲ್ಲು, ಕೆಳಗಿನ ಬಂಡೆ ತೆಗೆದ ತಕ್ಷಣ ಬೀಳಲು ಕಾಯುತ್ತಿತ್ತು.

#4 ಕಲಿಯುತ್ತಿದ್ದೇನೆ

ಗಣಿ ಡಿಪ್ಲೊಮಾ ಓದುತ್ತಿದ್ದೇನೆ. ಮೂಲದ ಪ್ರಶ್ನೆ ಕೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಬೋಲ್ಟ್ ಅಂದರೆ ಬಿಡಿ ಕಲ್ಲನ್ನು ಮೇಲಿನ ಗಟ್ಟಿ ಕಲ್ಲಿಗೆ ಮೊಳೆ ಹೊಡೆದು ನೇತುಹಾಕುವುದು, ಅಷ್ಟೇ ಅಲ್ವಾ? ಹಾಗಿದ್ದರೆ ಬೋಲ್ಟ್ ಉದ್ದ ಇದ್ದಷ್ಟೂ ಒಳ್ಳೆಯದು ತಾನೇ? ಇನ್ನೊಂದು, ಕೆಳಗಿನಿಂದ ಮರದ ಕಂಬವೋ ಉಕ್ಕಿನ ಕಮಾನೋ ಕೊಟ್ಟರೆ ಕಣ್ಣಿಗೆ ಕಾಣುತ್ತದೆ, ನಂಬಿಕೆ ಬರುತ್ತದೆ. ಬಂಡೆಯೊಳಗೆ ಹೋದ ಸರಳನ್ನು ಹೇಗೆ ನಂಬುವುದು?

#5 ಕಮಾನು_ಕಟ್ಟು

ಬೇಜಾರು ಯಾಕೆ? ಇಡೀ ವಿಷಯ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ನಿಧಾನವಾಗಿ ಬರೆಯುತ್ತೇನೆ.

ಕಂಬ ಕೊಡುವುದು ಅಂದರೆ ಕಲ್ಲು ಬೀಳುತ್ತದೆ ಅಂತ ಒಪ್ಪಿಕೊಂಡು ಕೆಳಗೆ ಕೈ ಒಡ್ಡುವುದು. ಕಲ್ಲು ಕೆಳಗೆ ಸರಿದು ಕಂಬದ ಮೇಲೆ ಕೂತ ಮೇಲೇ ಕಂಬಕ್ಕೆ ಕೆಲಸ ಶುರು. ಅಷ್ಟರಲ್ಲಿ ಬಂಡೆ ಸಡಿಲವಾಗಿರುತ್ತದೆ. ಬೋಲ್ಟ್ ಬೇರೆ ದಾರಿ. ಬಂಡೆ ಸಡಿಲವಾಗುವ ಮೊದಲೇ ಒಳಗೆ ಹೋಗಿ, ತುಂಡುಗಳು ಒಂದರ ಮೇಲೊಂದು ಜಾರದ ಹಾಗೆ, ಬಿಟ್ಟುಕೊಳ್ಳದ ಹಾಗೆ ಹೊಲಿದುಬಿಡುತ್ತದೆ. ಆಮೇಲೆ ಭಾರ ಹೊರುವುದು ಬೋಲ್ಟ್ ಅಲ್ಲ, ಬಂಡೆಯೇ. ಸುರಂಗದ ಮಾಡನ್ನು ಎತ್ತಿ ಹಿಡಿಯುವ ಶಕ್ತಿ ನಾವು ತರುವ ಯಾವ ಉಕ್ಕಿಗೂ ಇಲ್ಲ. ಬಂಡೆಗೆ ಇದೆ. ಅದು ಚದುರದ ಹಾಗೆ ನೋಡಿಕೊಳ್ಳುವುದಷ್ಟೇ ನಮ್ಮ ಪಾಲಿನ ಕೆಲಸ.

ಇದನ್ನು ಆಸ್ಟ್ರೇಲಿಯಾದಲ್ಲಿ ಒಬ್ಬರು ಒಂದು ಬಕೆಟ್ ಇಟ್ಟುಕೊಂಡು ತೋರಿಸಿದ್ದರು. ಅಲ್ಲಿನ ಸ್ನೋಯಿ ಮೌಂಟನ್ಸ್ ಜಲವಿದ್ಯುತ್ ಯೋಜನೆ 1949ರಲ್ಲಿ ಶುರುವಾಗಿ 1974ರಲ್ಲಿ ಮುಗಿಯಿತು. ಸುರಂಗಗಳದ್ದೇ ಕೆಲಸ. ಅಲ್ಲಿದ್ದ ಎಂಜಿನಿಯರ್ ಟಾಮ್ ಲ್ಯಾಂಗ್ ಮನೆಯಲ್ಲಿ ಬಳಸುವಂಥ ಬಕೆಟ್‌ಗೆ ಜಲ್ಲಿ ತುಂಬಿ, ಅದರೊಳಗೆ ಪುಟ್ಟ ಪುಟ್ಟ ಬೋಲ್ಟ್‌ಗಳನ್ನು ಹಾಕಿ ಬಿಗಿ ಮಾಡಿದರು. ಬಕೆಟ್ ಬೋರಲು ಹಾಕಿದರು. ಜಲ್ಲಿ ಬೀಳಲಿಲ್ಲ. ಅಲ್ಲಿ ನೇತುಹಾಕಲು ಮೇಲೆ ಯಾವ ಗಟ್ಟಿ ಬಂಡೆಯೂ ಇಲ್ಲ. ಬಿಡಿ ಜಲ್ಲಿ ಒಂದಕ್ಕೊಂದು ಒತ್ತಿ ಕಚ್ಚಿಕೊಂಡು ತಾನೇ ಕಮಾನಾಯಿತು.

ನಿಮ್ಮ "ಮೊಳೆ" ಲೆಕ್ಕ ಪೂರ್ತಿ ತಪ್ಪಲ್ಲ. ಒಂದೇ ಒಂದು ಬೆಣೆಯಾಕಾರದ ಕಲ್ಲು ಬಿಡಿಯಾಗಿದ್ದು ಅದರ ಮೇಲೆ ಗಟ್ಟಿ ಬಂಡೆ ಇದ್ದರೆ ಆಗ ನೇತುಹಾಕುವುದೇ ಸರಿ, ಕಲ್ಲಿನ ತೂಕ ನೋಡಿ ಬೋಲ್ಟ್ ಲೆಕ್ಕ ಹಾಕಬಹುದು. ಪದರದ ಮಾಡಿನಲ್ಲಿ ಮಾತ್ರ ಬೇರೆ. ನಾಲ್ಕು ಹಲಗೆಗಳನ್ನು ಒಂದರ ಮೇಲೊಂದು ಸುಮ್ನೆ ಇಟ್ಟು ನಡುವೆ ನಿಂತರೆ ಬಾಗುತ್ತವೆ. ಅವೇ ನಾಲ್ಕನ್ನು ಜಾರದ ಹಾಗೆ ಗಟ್ಟಿಯಾಗಿ ಅಂಟಿಸಿದರೆ 16 ಪಟ್ಟು ಕಡಿಮೆ ಬಾಗುತ್ತವೆ. ಹಲಗೆ ಅದೇ, ದಪ್ಪ ಅದೇ. ಜಾರದ ಹಾಗೆ ಮಾಡಿದ್ದೊಂದೇ ಬದಲಾವಣೆ.

ಉದ್ದಕ್ಕೆ ಲ್ಯಾಂಗ್ ಹೇಳಿದ ಹಳೆಯ ಲೆಕ್ಕ ಇದೆ. 6 ಮೀಟರ್‌ಗಿಂತ ಕಿರಿದಾದ ಸುರಂಗಕ್ಕೆ ಅಗಲದ ಅರ್ಧದಷ್ಟು ಉದ್ದ, ಜೊತೆಗೆ ಬೋಲ್ಟ್‌ಗಳ ನಡುವಿನ ದೂರದ ಎರಡರಷ್ಟಾದರೂ ಇರಬೇಕು. 5 ಮೀಟರ್ ಅಗಲಕ್ಕೆ ಎರಡೂವರೆ. ನೀವು 2.4 ಹಾಕಿದ್ದೀರಿ, ದೂರ 1.2. ಉದ್ದದಲ್ಲಿ ಹೇಳುವಂಥ ತಪ್ಪು ಇಲ್ಲ.

ಇನ್ನೊಂದು ಸಣ್ಣ ಲೆಕ್ಕ. ಒಂದು ಬೋಲ್ಟ್ ಪಾಲಿಗೆ 1.2 ಗುಣಿಸು 1.2 ಮೀಟರ್ ಮಾಡು. ಅರ್ಧ ಮೀಟರ್ ದಪ್ಪದ ಕಲ್ಲಾದರೆ ಎರಡು ಟನ್ ಹತ್ತಿರ. 22 ಮಿಲಿಮೀಟರ್ ಸರಳು, 500 ಮೆಗಾಪಾಸ್ಕಲ್ ಉಕ್ಕಾದರೆ, ಹಿಗ್ಗಲು ಶುರು ಮಾಡುವುದೇ 19 ಟನ್ ದಾಟಿದ ಮೇಲೆ. ಒಂಬತ್ತು ಹತ್ತು ಪಟ್ಟು ಶಕ್ತಿ ಇದ್ದೂ ಕಲ್ಲು ಬಿತ್ತು. ಅಂದರೆ ಉಕ್ಕು ಸಾಲದೆ ಬಿದ್ದದ್ದಲ್ಲ. ಉಕ್ಕಿಗೂ ಕಲ್ಲಿಗೂ ಸಂಬಂಧವೇ ಇರಲಿಲ್ಲ.

#6 ಆಳಕ್ಕಿಳಿದವರು

ಕಮಾನು_ಕಟ್ಟು ಅವರ ಮಾತು ಒಪ್ಪುತ್ತೇನೆ, ಆದರೆ ಉದ್ದದ ವಿಷಯವನ್ನು ಅಷ್ಟು ಬೇಗ ಕೈಬಿಡಬೇಡಿ. ಪದರ ಎಲ್ಲಿವರೆಗೆ ಬಿಟ್ಟುಕೊಂಡಿದೆ ಅಂತ ನೋಡಿದ್ದೀರಾ? ಬಿಟ್ಟುಕೊಂಡಿರುವುದು 2.4 ಮೀಟರ್‌ಗಿಂತ ಮೇಲೆ ಇದ್ದರೆ ಬೋಲ್ಟ್ ಸಮೇತ ಇಡೀ ಮಾಡು ಇಳಿಯುತ್ತದೆ. ಇಂಗ್ಲೆಂಡಿನ ಬಿಲ್ಸ್‌ಥಾರ್ಪ್ ಕಲ್ಲಿದ್ದಲು ಗಣಿಯಲ್ಲಿ 1993ರ ಆಗಸ್ಟ್‌ನಲ್ಲಿ ಬೋಲ್ಟ್ ಹಾಕಿದ್ದ ದಾರಿಯ ಮಾಡೇ ಕುಸಿದು ಮೂವರು ತೀರಿಕೊಂಡರು. ಬೋಲ್ಟ್ ಇದೆ ಅಂದ ಮಾತ್ರಕ್ಕೆ ಆಯಿತು ಅಂತಲ್ಲ.

ಮಾಡು ಇಳಿಯುವುದನ್ನು ತೋರಿಸುವ ಸರಳ ಸಾಧನ ಇದೆ. ಟೆಲ್‌ಟೇಲ್ ಅನ್ನುತ್ತಾರೆ. ಮೇಲಕ್ಕೆ ಬೋಲ್ಟ್‌ಗಿಂತ ತುಂಬಾ ಉದ್ದದ ತೂತು ಕೊರೆದು, ಒಂದು ತಂತಿಯನ್ನು ಬೋಲ್ಟ್ ತುದಿಗಿಂತ ಸ್ವಲ್ಪ ಕೆಳಗೆ, ಇನ್ನೊಂದನ್ನು ಅದಕ್ಕಿಂತ ಎಷ್ಟೋ ಮೇಲೆ ಸಿಕ್ಕಿಸುತ್ತಾರೆ. ಕೆಳಗೆ ಬಣ್ಣದ ಪಟ್ಟಿ ನೇತಾಡುತ್ತದೆ. ಒಂದು ಪಟ್ಟಿ ಸರಿದರೆ ಬೋಲ್ಟ್ ಇರುವ ಭಾಗದೊಳಗೆ ಪದರ ಬಿಡುತ್ತಿದೆ ಅಂತ. ಇನ್ನೊಂದು ಸರಿದರೆ ಬೋಲ್ಟ್‌ಗಿಂತ ಮೇಲೆ ಬಿಡುತ್ತಿದೆ ಅಂತ. ಎರಡನೆಯದು ಸರಿದಾಗ 2.4 ಸಾಲದು. ಆಗ 3 ಮೀಟರ್ ಸರಳಿನಿಂದಲೂ ಆಗದು, ಸರಳಿನ ಬದಲು ಉಕ್ಕಿನ ಹಗ್ಗ ಹಾಕುವ ಕೇಬಲ್ ಬೋಲ್ಟ್‌ಗೇ ಹೋಗಬೇಕು. 15.2 ಮಿಲಿಮೀಟರ್‌ನ ಏಳು ಎಳೆಯ ಒಂದು ಹಗ್ಗ ತುಂಡಾಗಲು 25 ಟನ್ ಬೇಕು, ಉದ್ದ ಬೇಕಾದಷ್ಟು ಕೊಡಬಹುದು.

ಪಟ್ಟಿ ನೋಡದೆ ಉದ್ದ ಜಾಸ್ತಿ ಮಾಡುವುದೂ ತಪ್ಪು, ಪಟ್ಟಿ ನೋಡದೆ ಉದ್ದ ಸಾಕು ಅನ್ನುವುದೂ ತಪ್ಪು.

#7 ಕಮಾನು_ಕಟ್ಟು

ಒಪ್ಪಿದೆ. ಟೆಲ್‌ಟೇಲ್ ಮಾತು ನಾನು ಬಿಟ್ಟದ್ದು ಸರಿಯಲ್ಲ. ಆದರೂ ಇಲ್ಲಿ ಬಿದ್ದಿರುವುದು ಕೆಳಗಿನ ಅರ್ಧ ಮೀಟರ್. ಅದಕ್ಕೆ ಕಾರಣ ಮೇಲಿನ 3 ಮೀಟರ್‌ನಲ್ಲಿ ಸಿಗುವುದಿಲ್ಲ.

#8 ಎರಡನೇ_ಪಾಳಿ

ಎಲ್ಲರಿಗೂ ಧನ್ಯವಾದ. ಹಾರೆ_ಹಿಡಿದವರು ಕೇಳಿದ್ದರಲ್ಲ, ಇವತ್ತು ಹೋಗಿ ಅಳೆದೆ. ಕ್ಯಾಲಿಪರ್ ಹಿಡಿದು ಇನ್ನೂ ಬೋಲ್ಟ್ ಹಾಕದ ತೂತುಗಳ ಬಾಯಿ ನೋಡಿದೆ. 35 ಮಿಲಿಮೀಟರ್. ಕೆಲವು 36.

ಕ್ಯಾಪ್ಸೂಲ್ ಪೆಟ್ಟಿಗೆಯ ಮೇಲೆ ಬರೆದಿರುವುದು 28 ಮಿಲಿಮೀಟರ್ ತೂತಿಗೆ ಅಂತ. ವಿಚಾರಿಸಿದಾಗ ಗೊತ್ತಾಯಿತು. ಅದೇ ಯಂತ್ರದಲ್ಲಿ ಬೇರೆ ಕಡೆ ಕೊಳವೆ ಬೋಲ್ಟ್‌ಗೂ ತೂತು ಕೊರೆಯುತ್ತಾರೆ, ಅದಕ್ಕೆ ದೊಡ್ಡ ಬಿಟ್ (ಕೊರೆಯುವ ಮೊನೆ) ಬೇಕು. 28ರ ಬಿಟ್ ಖಾಲಿಯಾಗಿತ್ತು. ಕೆಲಸ ನಿಲ್ಲಬಾರದು ಅಂತ ಇದ್ದ ಬಿಟ್ಟಿನಲ್ಲೇ ಕೊರೆದಿದ್ದಾರೆ. ಬೋಲ್ಟ್ ಸಲೀಸಾಗಿ ಒಳಗೆ ಹೋಯಿತು, ಹಿಡಿದೂ ಕೊಂಡಿತು, ಯಾರಿಗೂ ಅನುಮಾನ ಬರಲಿಲ್ಲ.

ಪದರಗಲ್ಲು ಕೇಳಿದ್ದಕ್ಕೆ: ಒಂದು ಪಕ್ಕದ ಅಂಚಿನಲ್ಲಿ ಕಂದು ಕಲೆ ಇದೆ, ಹಳೇ ಬಿರುಕು. ಉಳಿದ ಮೂರು ಕಡೆ ಹಸಿ ಕಲ್ಲು.

#9 ಕಮಾನು_ಕಟ್ಟು

ಸಿಕ್ಕಿತು ನೋಡಿ. ಈ ಲೆಕ್ಕವನ್ನು ಎಲ್ಲರೂ ಒಂದು ಸಲ ಕೈಯಾರೆ ಹಾಕಿ ನೋಡಿ.

28ರ ತೂತಿನ ಅಡ್ಡಕೊಯ್ತ 616 ಚದರ ಮಿಲಿಮೀಟರ್. 22ರ ಸರಳಿನದು 380. ನಡುವೆ ಉಳಿಯುವುದು 236. ರೆಸಿನ್ ತುಂಬಬೇಕಾದದ್ದು ಈ ಜಾಗ. 2.4 ಮೀಟರ್ ಉದ್ದಕ್ಕೆ ಅರ್ಧ ಲೀಟರ್‌ಗಿಂತ ಸ್ವಲ್ಪ ಜಾಸ್ತಿ, 0.57 ಲೀಟರ್.

35ರ ತೂತಿನದು 962. ಸರಳು ಕಳೆದರೆ 582. ಅಷ್ಟೇ ಉದ್ದಕ್ಕೆ 1.4 ಲೀಟರ್ ರೆಸಿನ್ ಬೇಕು.

ನೀವು ಹಾಕಿದ್ದು 28ರ ಲೆಕ್ಕದ ಕ್ಯಾಪ್ಸೂಲ್. ಹಾಗಾದರೆ ಆ ರೆಸಿನ್ ಎಷ್ಟು ಉದ್ದಕ್ಕೆ ಬಂದಿರುತ್ತದೆ? ನೂರಕ್ಕೆ ನಲವತ್ತು. ತುದಿಯ ಕಡೆಯಿಂದ ಸುಮಾರು ಒಂದು ಮೀಟರ್. ಬಾಯಿಯ ಕಡೆ 1.4 ಮೀಟರ್ ಖಾಲಿ. ಏಳು ಮಿಲಿಮೀಟರ್ ಹೆಚ್ಚು ಕೊರೆದದ್ದಕ್ಕೆ ಬೋಲ್ಟ್‌ನ ಅರ್ಧಕ್ಕಿಂತ ಜಾಸ್ತಿ ಭಾಗ ಸುಮ್ನೆ ತೂತಿನಲ್ಲಿ ನಿಂತಿತ್ತು.

ಅದಕ್ಕೇ ಸರಳು ಅಷ್ಟು ಹೊಸದಾಗಿ ಕಂಡದ್ದು. ಬಿದ್ದ ಅರ್ಧ ಮೀಟರ್ ಪೂರ್ತಿ ಆ ಖಾಲಿ ಭಾಗದಲ್ಲೇ ಇತ್ತು. ಅಲ್ಲಿ ಪದರಕ್ಕೂ ಪದರಕ್ಕೂ ಹೊಲಿಗೆ ಬಿದ್ದಿರಲೇ ಇಲ್ಲ. ಇದ್ದದ್ದು ಪ್ಲೇಟ್ ಒಂದೇ. ಬೋಲ್ಟ್ ಎರಡು ತುದಿಯಲ್ಲಿ ಮಾತ್ರ ಹಿಡಿದಿದ್ದರೆ ನಡುವಿನ ಇಡೀ ಹೊಣೆ ಪ್ಲೇಟ್ ಮೇಲೆ. ಪ್ರತಿ ಬ್ಲಾಸ್ಟ್‌ನ ಅದುರಿಗೆ ಪ್ಲೇಟ್ ಸುತ್ತಲಿನ ಕಲ್ಲು ಉದುರುತ್ತಾ ಬರುತ್ತದೆ, ಬಿಗಿ ಹೋಗುತ್ತದೆ, ಒಂದು ದಿನ ಚಪ್ಪಡಿ ಪ್ಲೇಟ್‌ನ ಸುತ್ತ ಒಡೆದು ಕಳಚಿಕೊಳ್ಳುತ್ತದೆ. ಪೂರ್ತಿ ಉದ್ದಕ್ಕೆ ಅಂಟಿದ ಬೋಲ್ಟ್ ಹಾಗಲ್ಲ. ಪ್ಲೇಟ್ ಕಿತ್ತು ಹೋದರೂ ಮೈ ಪೂರ್ತಿ ಕಲ್ಲನ್ನು ಕಚ್ಚಿಕೊಂಡಿರುತ್ತದೆ.

ಈಗ 3 ಮೀಟರ್ ಬೋಲ್ಟ್ ಹಾಕಿದ್ದರೆ ಏನಾಗುತ್ತಿತ್ತು? ಅದೇ ಬಿಟ್, ಅದೇ ಕ್ಯಾಪ್ಸೂಲ್ ಆದರೆ ಖಾಲಿ ಭಾಗ ಎರಡು ಮೀಟರ್ ಆಗುತ್ತಿತ್ತು.

#10 ಕಲಿಯುತ್ತಿದ್ದೇನೆ

ಮೈ ಜುಮ್ಮೆಂದಿತು. ಆದರೆ 12 ಟನ್ ಎಳೆದಾಗ ಮೂರೂ ಪಾಸ್ ಆಗಿದ್ದವಲ್ಲ?

#11 ಆಳಕ್ಕಿಳಿದವರು

ಪಾಸ್ ಆಗಲೇಬೇಕು. ಗಟ್ಟಿ ಬಂಡೆಯಲ್ಲಿ ಒಳ್ಳೆ ರೆಸಿನ್ ಅರ್ಧ ಮೀಟರ್‌ಗಿಂತ ಕಡಿಮೆ ಉದ್ದ ಹಿಡಿದರೂ ಸಾಕು, ಎಳೆದಾಗ ಉಕ್ಕು ಹಿಗ್ಗುತ್ತದೆಯೇ ಹೊರತು ಅಂಟು ಬಿಡುವುದಿಲ್ಲ. ಇಲ್ಲಿ ತುದಿಯಲ್ಲಿ ಒಂದು ಮೀಟರ್ ಹಿಡಿದಿತ್ತು. 12 ಟನ್ ಅಲ್ಲ, 15 ಎಳೆದರೂ ಪಾಸ್. ಬೋಲ್ಟ್ ಎಲ್ಲೋ ಒಂದು ಕಡೆ ಹಿಡಿದಿದೆ ಅಂತ ಮಾತ್ರ ಆ ಪರೀಕ್ಷೆ ಹೇಳುತ್ತದೆ. ಎಲ್ಲಿ, ಎಷ್ಟು ಉದ್ದ, ಅದನ್ನು ಹೇಳುವುದೇ ಇಲ್ಲ.

ಪೂರ್ತಿ ತುಂಬಿದ ಬೋಲ್ಟ್‌ಗೂ ಇದೇ ಕಥೆ, ತಿರುಗಾಮುರುಗಾ. ಬಾಯಿಯ ಹತ್ತಿರದ ಒಂದಿಷ್ಟು ಅಂಟೇ ಎಲ್ಲ ಎಳೆತವನ್ನು ತಿಂದುಬಿಡುತ್ತದೆ. ಒಳಗೆ ತುದಿಯಲ್ಲಿ ರೆಸಿನ್ ಕಲಸದೆ ಹಾಗೇ ಉಳಿದಿದ್ದರೂ ಗೊತ್ತಾಗುವುದಿಲ್ಲ.

ಅದಕ್ಕೆ ಬೇಕಂತಲೇ ಕಡಿಮೆ ರೆಸಿನ್ ಹಾಕಿ ತುದಿಯ 300 ಮಿಲಿಮೀಟರ್ ಮಾತ್ರ ಅಂಟಿಸಿ ಎಳೆಯುವ ಪರೀಕ್ಷೆ ಇದೆ. ಅದರಲ್ಲಿ ಅಂಟು ಬಿಡುವವರೆಗೆ ಎಳೆಯುತ್ತಾರೆ. ಒಂದೊಂದು ಇಂಚಿಗೆ ಎಷ್ಟು ಹಿಡಿತ ಅಂತ ಸರಿಯಾಗಿ ಸಿಗುತ್ತದೆ. ಬಂಡೆ ಬದಲಾದಾಗ, ರೆಸಿನ್ ಬದಲಾದಾಗ, ಬಿಟ್ ಬದಲಾದಾಗ ಮತ್ತೆ ಮಾಡಬೇಕು. ಇನ್ನೂ ಅನುಮಾನ ಇದ್ದರೆ ಬೋಲ್ಟ್ ಸುತ್ತ ದೊಡ್ಡ ಕೊಳವೆ ಬಿಟ್‌ನಿಂದ ಕೊರೆದು, ಬೋಲ್ಟ್, ರೆಸಿನ್, ಕಲ್ಲು ಮೂರನ್ನೂ ಒಟ್ಟಿಗೆ ಹೊರಗೆ ತೆಗೆದು ಸೀಳಿ ನೋಡುತ್ತಾರೆ. ಖರ್ಚಿನ ಕೆಲಸ, ಆದರೆ ಕಣ್ಣಾರೆ ಕಾಣುತ್ತದೆ.

#12 ಹಾರೆ_ಹಿಡಿದವ

ಅಷ್ಟೆಲ್ಲ ದೂರ ಹೋಗುವ ಮೊದಲು, ಯಂತ್ರ ನಡೆಸುವವನ ಕಣ್ಣಿಗೆ ಕಾಣುವ ಒಂದು ಗುರುತು ಇದೆ. ಬೋಲ್ಟ್ ಪೂರ್ತಿ ಒಳಗೆ ಹೋಗುವ ಹೊತ್ತಿಗೆ ತೂತಿನ ಬಾಯಲ್ಲಿ ರೆಸಿನ್ ಒಂಚೂರು ಹೊರಗೆ ಬರಬೇಕು. ಪೂರ್ತಿ ತುಂಬುವ ಬೋಲ್ಟ್‌ಗೆ ಬಾಯಲ್ಲಿ ರೆಸಿನ್ ಕಾಣದಿದ್ದರೆ ಅಲ್ಲೇ ನಿಲ್ಲಿಸಿ. ಬಂಡೆಯೊಳಗೆ ಬಿರುಕಿಗೆ ಹರಿದು ಹೋಗಿದೆಯೋ, ತೂತು ದೊಡ್ಡದಾಗಿದೆಯೋ, ಕ್ಯಾಪ್ಸೂಲ್ ಕಡಿಮೆ ಹಾಕಿದ್ದಾರೋ, ಮೂರರಲ್ಲಿ ಒಂದು. ಪಕ್ಕದಲ್ಲಿ ಇನ್ನೊಂದು ತೂತು ಕೊರೆದು ಇನ್ನೊಂದು ಬೋಲ್ಟ್ ಹಾಕಿ. ಆ ಹಳೆಯದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇನ್ನೂ ಒಂದು ಮಾತು. ಈ ಕ್ಯಾಪ್ಸೂಲ್ ಅಂದರೆ ಪ್ಲಾಸ್ಟಿಕ್ ಚೀಲ, ಒಳಗೆ ಒಂದು ಕಡೆ ರೆಸಿನ್, ಇನ್ನೊಂದು ಕಡೆ ಅದನ್ನು ಗಟ್ಟಿ ಮಾಡುವ ಪೇಸ್ಟ್. ಬೋಲ್ಟ್ ತಿರುಗುತ್ತಾ ಒಳಗೆ ಹೋಗುವಾಗ ಚೀಲ ಹರಿದು ಎರಡೂ ಕಲಸಿಕೊಳ್ಳಬೇಕು. ತೂತು ಅಗಲ ಆದರೆ ಚೀಲ ಚೂರಾಗುವುದೇ ಇಲ್ಲ, ಕೈಗವಸಿನ ಹಾಗೆ ಸರಳಿಗೆ ಸುತ್ತಿಕೊಂಡುಬಿಡುತ್ತದೆ. ಹೊರಗೆ ರೆಸಿನ್ ಗಟ್ಟಿ, ಒಳಗೆ ಸರಳು ಗಟ್ಟಿ, ನಡುವೆ ಪ್ಲಾಸ್ಟಿಕ್. ಹಾಗಾಗಿ ಆ ಒಂದು ಮೀಟರ್‌ನಲ್ಲೂ ಹಿಡಿತ ಎಲ್ಲ ಕಡೆ ಒಂದೇ ಸಮ ಇತ್ತು ಅಂತ ನಾನು ನಂಬುವುದಿಲ್ಲ.

ತಿರುಗಿಸುವ ಸಮಯವೂ ಹಾಗೇ. ಕಡಿಮೆ ತಿರುಗಿಸಿದರೆ ಕಲಸುವುದಿಲ್ಲ. ಗಟ್ಟಿಯಾಗಲು ಶುರುವಾದ ಮೇಲೂ ತಿರುಗಿಸಿದರೆ ಕೂತ ರೆಸಿನ್ ಒಡೆಯುತ್ತದೆ. ಪೆಟ್ಟಿಗೆಯ ಮೇಲೆ ಸೆಕೆಂಡ್ ಲೆಕ್ಕ ಇರುತ್ತದೆ, ಬಾಯಲ್ಲಿ ಎಣಿಸಿ. ಶೆಕೆ ಜಾಸ್ತಿ ಇರುವ ಜಾಗದಲ್ಲಿ ರೆಸಿನ್ ಬೇಗ ಕೂರುತ್ತದೆ ಅನ್ನುವುದೂ ನೆನಪಿರಲಿ. ನಾನು ಹೊಸದರಲ್ಲಿ ಅವಸರಕ್ಕೆ ಎಣಿಸದೆ ಹಾಕಿದ ಬೋಲ್ಟ್‌ಗಳು ಎಷ್ಟೋ ಇವೆ. ಅವು ಈಗ ಹೇಗಿವೆಯೋ ಅಂತ ಇವತ್ತಿಗೂ ನೆನಪಾಗುತ್ತದೆ.

#13 ತೇವದ_ಗೋಡೆ

ರೆಸಿನ್ ಬಗ್ಗೆಯೇ ಮಾತಾಡುತ್ತಿದ್ದೀರಿ. ನಮ್ಮಲ್ಲಿ ಕೊಳವೆ ಬೋಲ್ಟ್ ಜಾಸ್ತಿ, ಸ್ಪ್ಲಿಟ್ ಸೆಟ್. ಉದ್ದಕ್ಕೂ ಸೀಳಿರುವ ಉಕ್ಕಿನ ಕೊಳವೆಯನ್ನು ಅದಕ್ಕಿಂತ ಸಣ್ಣ ತೂತಿಗೆ ಬಡಿದು ಕೂರಿಸುವುದು. ಅದು ಅಗಲವಾಗಲು ನೋಡುತ್ತದೆ, ಆ ಒತ್ತಿನ ಘರ್ಷಣೆಯೇ ಹಿಡಿತ. ಅಲ್ಲೂ ಇದೇ ಪಾಠ. 39 ಮಿಲಿಮೀಟರ್ ಕೊಳವೆಗೆ 35ರಿಂದ 38ರ ತೂತು ಬೇಕು. 39 ಆಯಿತೋ, ಹಿಡಿತ ಹೋಯಿತು. ಸಲೀಸಾಗಿ ಒಳಗೆ ಹೋದ ಕೊಳವೆ ಕೆಟ್ಟ ಕೊಳವೆ.

ಹಾಕಿದ ಕ್ಷಣದಿಂದ ಕೆಲಸ ಮಾಡುತ್ತದೆ, ಅದು ಅದರ ಗುಣ. ನೀರು ಅದರ ಶತ್ರು. ಗಂಧಕದ ಅದಿರು ಇರುವ ಕಡೆ ನೀರು ಹುಳಿಯಾಗಿರುತ್ತದೆ, ಕೊಳವೆಯ ಗೋಡೆ ಎರಡು ಮೂರು ಮಿಲಿಮೀಟರ್ ಅಷ್ಟೇ, ಒಳಗಿನಿಂದಲೂ ಹೊರಗಿನಿಂದಲೂ ತುಕ್ಕು ತಿನ್ನುತ್ತದೆ. ಹೊರಗೆ ಪ್ಲೇಟ್, ಉಂಗುರ ಚೆನ್ನಾಗಿಯೇ ಕಾಣುತ್ತವೆ. ಒಂದು ಸಲ ಹಳೇ ದಾರಿಯಲ್ಲಿ ಉಂಗುರ ಹಿಡಿದು ಎಳೆದೆ, ಒಂದು ಮೊಳ ಕೊಳವೆ ಕೈಗೇ ಬಂತು. ತುಂಡಾದ ಜಾಗ ಕಾಗದದಷ್ಟು ತೆಳುವಾಗಿತ್ತು. ವರ್ಷಗಟ್ಟಲೆ ಇರಬೇಕಾದ ದಾರಿಗೆ, ಜನ ದಿನಾ ಓಡಾಡುವ ದಾರಿಗೆ, ಗಾರೆ ತುಂಬಿದ ಸರಳೇ ಸರಿ. ಸಿಮೆಂಟ್ ಗಾರೆ ಆದರೆ ನೀರಿನ ಲೆಕ್ಕ ತಪ್ಪಬಾರದು, ಒಂದು ಕಿಲೋ ಸಿಮೆಂಟ್‌ಗೆ 350ರಿಂದ 400 ಗ್ರಾಂ ನೀರು. ಪಂಪ್ ಸುಲಭವಾಗಲಿ ಅಂತ ನೀರು ಜಾಸ್ತಿ ಹಾಕುತ್ತಾರೆ. ಆ ಗಾರೆ ಮೇಲಿನ ತೂತಿನಿಂದ ಇಳಿದೇ ಹೋಗುತ್ತದೆ.

#14 ಪದರಗಲ್ಲು

ಎರಡನೇ_ಪಾಳಿ, ಒಂದು ಕಡೆ ಹಳೇ ಬಿರುಕು ಅಂದಿರಲ್ಲ. ಅದು ಯಾವ ದಿಕ್ಕಿಗೆ ಹೋಗುತ್ತಿದೆ ನೋಡಿ. ಸುರಂಗದ ಉದ್ದಕ್ಕೇ ಹೋಗುತ್ತಿದ್ದರೆ ಮುಂದೆಯೂ ಅದೇ ಬಿರುಕು ನಿಮ್ಮ ಮಾಡಿನಲ್ಲೇ ಇರುತ್ತದೆ. ಮುಂದಿನ ಪ್ರತಿ ಬ್ಲಾಸ್ಟ್ ಆದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ.

ಬಂಡೆಗೆ ಅಂಕ ಕೊಟ್ಟು ಬೋಲ್ಟ್ ದೂರ ಲೆಕ್ಕ ಹಾಕುವ ಕ್ಯೂ ಪದ್ಧತಿ ಇದೆ, 1974ರಲ್ಲಿ ನಾರ್ವೆಯಲ್ಲಿ ಬಾರ್ಟನ್ ಮತ್ತು ಜೊತೆಗಾರರು ತಂದದ್ದು. ಒಳ್ಳೆಯದೇ. ಬಿರುಕು ಎಷ್ಟು ಗುಂಪು, ಮೇಲ್ಮೈ ಒರಟೋ ನುಣುಪೋ, ಒಳಗೆ ಜೇಡಿ ಇದೆಯೋ, ನೀರಿದೆಯೋ, ಒತ್ತಡ ಹೇಗಿದೆ, ಎಲ್ಲ ನೋಡುತ್ತದೆ. ಆದರೆ ಒಮ್ಮೆ ಅಂಕ ಹಾಕಿ ಇಡೀ ಸುರಂಗಕ್ಕೆ ಅದನ್ನೇ ಹಿಡಿಯುತ್ತಾರೆ. ಬಂಡೆ 20 ಮೀಟರ್‌ನಲ್ಲಿ ಬದಲಾಗಬಹುದು.

#15 ಆಳಕ್ಕಿಳಿದವರು

ಇನ್ನೂ ಆಳಕ್ಕೆ ಹೋಗುವ ಯೋಚನೆ ಇದ್ದವರಿಗೆ ಒಂದು ಮಾತು ಸೇರಿಸುತ್ತೇನೆ. ಇಲ್ಲಿವರೆಗೆ ನಾವು ಮಾತಾಡಿದ್ದು ತನ್ನ ಭಾರಕ್ಕೆ ಬೀಳುವ ಕಲ್ಲು. ತುಂಬಾ ಆಳದಲ್ಲಿ ಕಲ್ಲು ಬೀಳುವುದಷ್ಟೇ ಅಲ್ಲ, ಸಿಡಿಯಲೂಬಹುದು. ಒಂದು ಚದರ ಮೀಟರ್ ಗೋಡೆ, ಒಂದು ಮೀಟರ್ ದಪ್ಪ, 2.7 ಟನ್. ಅದು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹೊರಗೆ ಹಾರಿದರೆ 12 ಕಿಲೋಜೌಲ್ ಶಕ್ತಿ. ಪೂರ್ತಿ ಅಂಟಿದ ಗಟ್ಟಿ ಸರಳು ಅಲ್ಲಿ ತೊಂದರೆ. ಬಿರುಕು ತೆರೆದ ಒಂದೇ ಜಾಗದಲ್ಲಿ ಹಿಗ್ಗಿ ಪಟ್ಟನೆ ತುಂಡಾಗುತ್ತದೆ. ಅಂಥ ಕಡೆ ಹಿಡಿದುಕೊಂಡೇ ಜಾರುವ ಬೋಲ್ಟ್ ಬೇಕು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗಾಗಿ 1990ರ ದಶಕದಲ್ಲಿ ಕೋನ್ ಬೋಲ್ಟ್ ಮಾಡಿದರು. ತುದಿಯಲ್ಲಿರುವ ಶಂಕು ಗಾರೆಯನ್ನು ಉತ್ತುಕೊಂಡು ನಿಧಾನವಾಗಿ ಜಾರುತ್ತಾ ಆ ಶಕ್ತಿಯನ್ನು ತಿನ್ನುತ್ತದೆ.

ಆದ್ದರಿಂದ ಪೂರ್ತಿ ಅಂಟಿಸುವುದೇ ಎಲ್ಲ ಕಡೆಗೂ ಸರಿ ಅಂತ ಯಾರೂ ಇಲ್ಲಿಂದ ಕಲಿತುಕೊಂಡು ಹೋಗಬೇಡಿ. 600 ಮೀಟರ್‌ನ ಪದರಗಲ್ಲಿಗೆ ಅದು ಸರಿ.

#16 ಕಲಿಯುತ್ತಿದ್ದೇನೆ

ಜಾಲರಿ, ಶಾಟ್‌ಕ್ರೀಟ್ (ಬಂಡೆಗೆ ರಭಸದಿಂದ ಚಿಮ್ಮಿಸುವ ಕಾಂಕ್ರೀಟ್) ಬಗ್ಗೆ ಯಾರೂ ಹೇಳಲಿಲ್ಲ. ಜಾಲರಿ ಇದ್ದಿದ್ದರೆ ಈ 10 ಟನ್ ನಿಲ್ಲುತ್ತಿತ್ತಾ?

#17 ಹಾರೆ_ಹಿಡಿದವ

ಇಲ್ಲಪ್ಪ. ಜಾಲರಿ ಇರುವುದು ಬೋಲ್ಟ್‌ಗಳ ನಡುವೆ ಉದುರುವ ಸಣ್ಣ ಕಲ್ಲಿಗೆ. ಆದರೆ ಜಾಲರಿ ಇದ್ದಿದ್ದರೆ ಮೊದಲೇ ಹೊಟ್ಟೆ ಬಿಟ್ಟು ಹೇಳುತ್ತಿತ್ತು. ಅದು ದೊಡ್ಡ ಉಪಕಾರ.

ಶಾಟ್‌ಕ್ರೀಟ್ ಇನ್ನೂ ಒಳ್ಳೆಯದು, ಉಕ್ಕಿನ ನಾರು ಹಾಕಿದ್ದನ್ನು 50 ಮಿಲಿಮೀಟರ್ ದಪ್ಪಕ್ಕೆ ಹೊಡೆದರೆ ಕಲ್ಲಿನ ಸಂದುಗಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಆದರೆ ಗೋಡೆ ತೊಳೆಯದೆ ಹೊಡೆದರೆ ಧೂಳಿಗೆ ಅಂಟುತ್ತದೆ, ಬಂಡೆಗಲ್ಲ. ಹೊಡೆದ ತಕ್ಷಣ ಕೆಳಗೆ ಹೋಗಬಾರದು. ಎಷ್ಟೋ ಗಣಿಗಳಲ್ಲಿ 1 ಮೆಗಾಪಾಸ್ಕಲ್ ಗಟ್ಟಿಯಾಗುವವರೆಗೆ ಯಾರನ್ನೂ ಬಿಡುವುದಿಲ್ಲ. ಅದನ್ನು ಗಡಿಯಾರ ನೋಡಿ ಅಲ್ಲ, ಸೂಜಿ ಚುಚ್ಚಿ ಅಳೆದು ನೋಡಬೇಕು.

#18 ಎರಡನೇ_ಪಾಳಿ

ಹನ್ನೆರಡು ದಿನ ಆಯಿತು. ಏನಾಯಿತು ಅಂತ ತಿಳಿಸಬೇಕು ಅನ್ನಿಸಿತು.

#9ರ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಮೇಲಿನವರಿಗೆ ಕೊಟ್ಟೆ. ಎರಡು ಅಡ್ಡಕೊಯ್ತದ ಚಿತ್ರ, ಎರಡು ಅಂಕಿ, 0.57 ಲೀಟರ್, 1.4 ಲೀಟರ್. ಐದು ನಿಮಿಷದ ಮಾತು. 3 ಮೀಟರ್ ಬೋಲ್ಟ್ ಮಾತು ಅಲ್ಲಿಗೆ ನಿಂತಿತು.

ದೊಡ್ಡ ಬಿಟ್ಟಿನಲ್ಲಿ ಕೊರೆದ ಭಾಗ ಎಲ್ಲಿಂದ ಎಲ್ಲಿವರೆಗೆ ಅಂತ ಪಾಳಿ ಪುಸ್ತಕದಿಂದ ತೆಗೆದೆವು. 40 ಮೀಟರ್ ಹತ್ತಿರ ಬಂತು. ಗಟ್ಟಿ ಇರುವ ಕಡೆಯಿಂದ ಶುರು ಮಾಡಿ, ಸಡಿಲ ಕಲ್ಲು ಕೆಡವುತ್ತಾ, ಹಳೇ ಬೋಲ್ಟ್‌ಗಳ ನಡುವೆ ಹೊಸ ಬೋಲ್ಟ್ ಹಾಕುತ್ತಾ ಹೋಗುತ್ತಿದ್ದೇವೆ. ಜಾಲರಿಯೂ ಜೊತೆಗೆ. ಎರಡು ಟೆಲ್‌ಟೇಲ್ ಕೂರಿಸಿದ್ದೇವೆ. ಇಲ್ಲಿವರೆಗೆ ಮೇಲಿನ ಪಟ್ಟಿ ಅಲುಗಿಲ್ಲ. ಕೆಳಗಿನದು ಮೊದಲ ಎರಡು ದಿನ 3 ಮಿಲಿಮೀಟರ್ ಸರಿಯಿತು, ಅಲ್ಲಿ ಹೊಸ ಬೋಲ್ಟ್ ಹಾಕಿದ ಮೇಲೆ ನಿಂತಿದೆ.

300 ಮಿಲಿಮೀಟರ್ ಪರೀಕ್ಷೆಯನ್ನೂ 28ರ ತೂತು, 35ರ ತೂತು ಎರಡರಲ್ಲೂ ಮಾಡಿದೆವು. ಎರಡರಲ್ಲೂ 300 ಮಿಲಿಮೀಟರ್ ತುಂಬುವಷ್ಟು ರೆಸಿನ್ ಲೆಕ್ಕ ಹಾಕಿಯೇ ಹಾಕಿದ್ದೆವು. ಹಾಗಿದ್ದೂ 35ರದ್ದು 28ರದ್ದಕ್ಕಿಂತ ತುಂಬಾ ಬೇಗ ಬಿಟ್ಟಿತು. ಎಳೆದು ಹೊರಗೆ ತೆಗೆದ ಸರಳಿಗೆ ಪ್ಲಾಸ್ಟಿಕ್ ಚೀಲ ಅರ್ಧ ಸುತ್ತಿಕೊಂಡಿತ್ತು. ಹಾರೆ_ಹಿಡಿದವರು ಹೇಳಿದ ಹಾಗೆಯೇ, ಕೈಗವಸು. ಉಗುರಲ್ಲಿ ಕೆರೆದರೆ ಸುಲಿದು ಬಂತು. ಆ ಸರಳನ್ನು ಹಾಗೇ ಇಟ್ಟಿದ್ದೇನೆ, ಹೊಸಬರಿಗೆ ತೋರಿಸಲು.

ಬಿಟ್ ಹೊರಗೆ ಕೊಡುವ ಕಡೆ ಈಗ ಒಂದು ಉಕ್ಕಿನ ತಟ್ಟೆ ನೇತುಹಾಕಿದ್ದೇವೆ, ನಡುವೆ ಒಂದೇ ತೂತು. ಅದರೊಳಗೆ ಹೋಗದ ಬಿಟ್ ಈ ಸುರಂಗಕ್ಕೆ ಇಳಿಯುವುದಿಲ್ಲ.

#19 ಹಾರೆ_ಹಿಡಿದವ

ಸವೆದ ಬಿಟ್‌ಗೂ ಒಂದು ತೂತು ಮಾಡಿ. ಅದರೊಳಗೆ ಸಲೀಸಾಗಿ ಹೋದರೆ ಬಿಸಾಕಬೇಕು. ತೂತು ಕಿರಿದಾದರೆ ಬೋಲ್ಟ್ ನಡುವೆಯೇ ಸಿಕ್ಕಿಕೊಳ್ಳುತ್ತದೆ, ಒಳಗೆ ಹೋಗುವ ಮೊದಲೇ ರೆಸಿನ್ ಕೂತುಬಿಡುತ್ತದೆ.

#20 ಎರಡನೇ_ಪಾಳಿ

ನಾಳೆಯೇ ಮಾಡಿಸುತ್ತೇನೆ.